ಕಂತು ಎಷ್ಟು ಎಂದು ಕೇಳುವ ಮೊದಲು

ಪರ್ಸನಲ್ ಲೋನ್ ಕೇಳಲು ಹೋದವರ ಬಾಯಿಂದ ಮೊದಲು ಬರುವ ಮಾತು ಒಂದೇ: ‘ತಿಂಗಳಿಗೆ ಕಂತು ಎಷ್ಟು ಬರ್ತದ್ರಿ?’ ಲಿಂಗಸುಗೂರಿನ ಬ್ಯಾಂಕಿನಲ್ಲಿ, ಸಿಂಧನೂರಿನ ಫೈನಾನ್ಸ್ ಕಚೇರಿಯಲ್ಲಿ, ಮಸ್ಕಿಯ ಓಣಿಗಳಿಗೆ ಬರುವ ಏಜೆಂಟರ ಮುಂದೆ ವ್ಯವಹಾರ ಶುರುವಾಗುವುದು ಇಲ್ಲಿಂದಲೇ. ಕೇಳುವುದು ತಪ್ಪೇನಲ್ಲ. ಸಂಬಳದಲ್ಲಿ ಏಳು ಸಾವಿರ ಹೋದರೆ ಮನೆ ನಡೆಯುತ್ತದೋ ಇಲ್ಲವೋ ಎಂಬುದು ಗೊತ್ತಾಗಲೇಬೇಕು. ಆದರೆ ಕಂತಿನಿಂದ ಸಾಲದ ಬೆಲೆ ತಿಳಿಯುವುದಿಲ್ಲ. ಅದೇ 2 ಲಕ್ಷ ರೂಪಾಯಿಗೆ ಏಳು ಸಾವಿರದ ಕಂತನ್ನೂ ಕೂರಿಸಬಹುದು, ಐದು ಸಾವಿರದೊಳಗಿನ ಕಂತನ್ನೂ ಕೂರಿಸಬಹುದು. ಕಂತು ಹಗುರಾದಷ್ಟೂ ಸಾಲ ತುಟ್ಟಿಯಾಗುತ್ತ ಹೋಗುತ್ತದೆ. ಸಾಲದ ನಿಜವಾದ ತೂಕ ತಿಳಿಯಬೇಕಾದರೆ ಬೇರೆ ಮೂರು ಪ್ರಶ್ನೆ ಕೇಳಬೇಕು: ನನ್ನ ಖಾತೆಗೆ ಬರುವ ರೊಕ್ಕ ಎಷ್ಟು, ಕೊನೆಯ ಕಂತಿನವರೆಗೆ ನನ್ನ ಕೈಯಿಂದ ಹೋಗುವ ಒಟ್ಟು ರೊಕ್ಕ ಎಷ್ಟು, ಕಂತು ಕಡಿಯುವ ತಾರೀಖಿಗೆ ಹನ್ನೆರಡೂ ತಿಂಗಳು ನನ್ನ ಖಾತೆಯಲ್ಲಿ ಹಣ ಇರುತ್ತದೆಯೇ? ಸಾಲದಿಂದ ಮನೆಗಳು ಕಷ್ಟಕ್ಕೆ ಬೀಳುವುದು ವಸೂಲಿಯವರು ಬಾಗಿಲು ತಟ್ಟಿದ ದಿನವಲ್ಲ. ಈ ಮೂರು ಪ್ರಶ್ನೆ ಕೇಳದೆ ಸಹಿ ಹಾಕಿದ ದಿನವೇ ಕಷ್ಟಕ್ಕೆ ಅಡಿಗಲ್ಲು ಬಿದ್ದಿರುತ್ತದೆ.

ನಮ್ಮ ಕಡೆ ಬಡ್ಡಿಯನ್ನು ಅಳೆಯುವ ಒಳ್ಳೆಯ ಅಳತೆಯೊಂದಿದೆ. ನೂರು ರೂಪಾಯಿಗೆ ತಿಂಗಳಿಗೆ ಎಷ್ಟು ಎಂಬ ಲೆಕ್ಕ. ಒಂದು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ 12, ಎರಡು ರೂಪಾಯಿ ಎಂದರೆ ಶೇ 24. ಅಕ್ಷರ ಬಾರದವರೂ ಇದನ್ನು ಬಾಯಲ್ಲೇ ಹಾಕುತ್ತಾರೆ. ಕೈಗಡಕ್ಕೆ ಈ ಅಳತೆ ಸರಿಯಾಗಿಯೇ ಹೊಂದುತ್ತದೆ, ಏಕೆಂದರೆ ಅಲ್ಲಿ ಅಸಲು ಹಾಗೇ ನಿಂತಿರುತ್ತದೆ, ಬಡ್ಡಿ ಅದರ ಮೇಲೆ ಬರುತ್ತದೆ. ಕಂತಿನ ಸಾಲಕ್ಕೆ ಇದೇ ಅಳತೆ ಹಿಡಿದರೆ ಮಾತ್ರ ಮೋಸ ಹೋಗುತ್ತೇವೆ. ‘ಬರೇ ಒಂದು ರೂಪಾಯಿ ಬಡ್ಡಿ’ ಎಂದು ಯಾರಾದರೂ 2 ಲಕ್ಷವನ್ನು ಮೂರು ವರ್ಷಕ್ಕೆ ಕೊಟ್ಟರು ಎಂದುಕೊಳ್ಳಿ. ವರ್ಷಕ್ಕೆ 24 ಸಾವಿರದಂತೆ ಬಡ್ಡಿ 72 ಸಾವಿರ, ಒಟ್ಟು 2,72,000. ಅದನ್ನು 36ರಿಂದ ಭಾಗಿಸಿ ತಿಂಗಳಿಗೆ 7,556 ರೂಪಾಯಿ ಕಂತು ಹಾಕುತ್ತಾರೆ. ಫ್ಲಾಟ್ ರೇಟ್ ಎನ್ನುವುದು ಇದನ್ನೇ. ಮೊದಲ ತಿಂಗಳಿಂದಲೇ ಅಸಲು ಕರಗುತ್ತ ಬಂದರೂ ಬಡ್ಡಿಯನ್ನು ಮಾತ್ರ ಪೂರ್ತಿ 2 ಲಕ್ಷದ ಮೇಲೆ ಮೂರು ವರ್ಷವೂ ಕಟ್ಟುತ್ತಿರುತ್ತೀರಿ. ಕೊನೆಯ ವರ್ಷ ನಿಮ್ಮ ಹತ್ತಿರ ಉಳಿದಿರುವ ಅಸಲು ಮೂರನೇ ಒಂದು ಭಾಗದಷ್ಟು, ಬಡ್ಡಿ ಮಾತ್ರ ಇಡೀ ಎರಡು ಲಕ್ಷದ್ದು. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಈ ‘ಒಂದು ರೂಪಾಯಿ’ ವರ್ಷಕ್ಕೆ ಶೇ 21.2 ಆಗುತ್ತದೆ, ನಮ್ಮ ಮಾತಿನಲ್ಲಿ ಒಂದು ಮುಕ್ಕಾಲು ರೂಪಾಯಿಗೂ ತುಸು ಮೇಲೆ. ಆದ್ದರಿಂದ ಬಡ್ಡಿ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಫ್ಲಾಟೋ, ಇಳಿಯುವ ಅಸಲಿನ ಮೇಲೋ ಎಂದು ಅದೇ ಉಸಿರಿನಲ್ಲಿ ಕೇಳಿ.

ಇಳಿಯುವ ಅಸಲಿನ ಮೇಲೆಯೇ ಬಡ್ಡಿ ಹಾಕುವ ಬ್ಯಾಂಕು, ಫೈನಾನ್ಸ್ ಕಂಪನಿಗಳಲ್ಲಿಯೂ ಹೇಳಿದ ದರ ಬೇರೆ, ಬೀಳುವ ದರ ಬೇರೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಇಲ್ಲಿನ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ಯಾವ ಸಂಸ್ಥೆಯವೂ ಅಲ್ಲ. ಸಾಲ 2 ಲಕ್ಷ, ಬಡ್ಡಿ ಶೇ 16, ಅವಧಿ 36 ತಿಂಗಳು. ಕಂತು 7,031 ರೂಪಾಯಿ ಬರುತ್ತದೆ. ಮಂಜೂರಾತಿ ಪತ್ರದಲ್ಲಿ ‘2,00,000’ ಎಂದು ಇರುತ್ತದೆ. ಹಣ ಜಮೆಯಾದ ಎಸ್‌ಎಂಎಸ್ ಮೊಬೈಲಿಗೆ ಬಂದಾಗ ಅದರಲ್ಲಿ ಕಾಣುವುದು 1,89,280. ನಡುವೆ ಹೋದದ್ದೆಲ್ಲಿ? ಶೇ 2ರಂತೆ ಪ್ರೊಸೆಸಿಂಗ್ ಫೀ 4,000, ಅದರ ಮೇಲೆ ಶೇ 18ರ ಜಿಎಸ್‌ಟಿ 720, ಸಾಲಕ್ಕೆ ಜೋಡಿಸಿದ ವಿಮೆಗೆ 6,000. ಒಟ್ಟು 10,720 ರೂಪಾಯಿ ಮುರಿದುಕೊಂಡೇ ಕೊಟ್ಟಿದ್ದಾರೆ. ಬಡ್ಡಿ ಮಾತ್ರ ಪೂರ್ತಿ 2 ಲಕ್ಷದ ಮೇಲೆಯೇ ನಡೆಯುತ್ತದೆ, ಕೈಗೆ ಬಾರದ ಹಣಕ್ಕೂ ಬಡ್ಡಿ ಕಟ್ಟುತ್ತೀರಿ. ಕೈಗೆ ಬಂದ 1,89,280ನ್ನು ಒಂದು ಕಡೆ ಇಟ್ಟು, ಕಟ್ಟುವ 36 ಕಂತುಗಳನ್ನು ಇನ್ನೊಂದು ಕಡೆ ಇಟ್ಟು ದರ ತೆಗೆದರೆ ಶೇ 16ರ ಸಾಲ ಹೆಚ್ಚುಕಡಿಮೆ ಶೇ 20ರ ಸಾಲವಾಗಿ ನಿಲ್ಲುತ್ತದೆ. ಈ ನಿಜದರಕ್ಕೆ ಬ್ಯಾಂಕಿನ ಭಾಷೆಯಲ್ಲಿ ಎಪಿಆರ್ ಎನ್ನುತ್ತಾರೆ. ಎರಡು ಕಡೆಯ ಸಾಲವನ್ನು ಹೋಲಿಸಿ ನೋಡುವಾಗ ನೋಡಬೇಕಾದದ್ದು ಇದನ್ನೇ. ಒಂದು ಕಡೆ ಬಡ್ಡಿ ಶೇ 15 ಹೇಳಿ ಫೀ ಹೆಚ್ಚು ಮುರಿದಿರಬಹುದು, ಇನ್ನೊಂದು ಕಡೆ ಶೇ 17 ಹೇಳಿ ಏನನ್ನೂ ಮುರಿಯದೆ ಕೊಡಬಹುದು. ಎಪಿಆರ್ ನೋಡಿದ ಮೇಲೆ ಎರಡನೆಯದೇ ಅಗ್ಗ ಎಂದು ತೋರಿದರೂ ತೋರಬಹುದು.

ಅವಧಿಯ ಮಾತೂ ಇಲ್ಲಿಯೇ ಬರುತ್ತದೆ. ‘ಏಳು ಸಾವಿರ ಭಾರ ಆಗ್ತದ’ ಎಂದರೆ ಎದುರಿಗೆ ಕುಳಿತವರು ಐದು ವರ್ಷಕ್ಕೆ ಮಾಡಿಕೊಡುತ್ತಾರೆ, ಕಂತು 4,864ಕ್ಕೆ ಇಳಿಯುತ್ತದೆ. ಎದೆಯ ಮೇಲಿನ ಕಲ್ಲು ಇಳಿದಂತೆ ಅನ್ನಿಸುವುದು ಸಹಜ. ಮೂರು ವರ್ಷಕ್ಕೆ ಒಟ್ಟು ಬಡ್ಡಿ 53 ಸಾವಿರ ಚಿಲ್ಲರೆ ಇದ್ದದ್ದು ಐದು ವರ್ಷಕ್ಕೆ 91 ಸಾವಿರ ದಾಟುತ್ತದೆ. ತಿಂಗಳಿಗೆ ಎರಡು ಸಾವಿರ ಚಿಲ್ಲರೆ ಹಗುರ ಮಾಡಿಕೊಂಡದ್ದಕ್ಕೆ ಸುಮಾರು 38,700 ರೂಪಾಯಿ ಹೆಚ್ಚು ಕೊಟ್ಟಂತಾಯಿತು. ಕೆಲವು ಮನೆಗಳಿಗೆ ಅದೂ ಸರಿಯಾದ ಆಯ್ಕೆಯೇ ಇರಬಹುದು. ಕಂತು ತಪ್ಪಿಸಿ ದಂಡ ಕಟ್ಟುವುದಕ್ಕಿಂತ ಉದ್ದನೆಯ ಅವಧಿ ಮೇಲು. ಆದರೆ ಹೆಚ್ಚು ಕೊಡುತ್ತಿದ್ದೇನೆ, ಇಷ್ಟು ಕೊಡುತ್ತಿದ್ದೇನೆ ಎಂದು ಗೊತ್ತಿದ್ದು ಆರಿಸಿಕೊಳ್ಳುವುದಕ್ಕೂ, ಕಂತು ಇಳಿಯಿತೆಂದು ನಂಬಿ ಸಹಿ ಹಾಕುವುದಕ್ಕೂ ಬಹಳ ಅಂತರವಿದೆ.

ಈ ಲೆಕ್ಕವನ್ನೆಲ್ಲ ಸಾಲಗಾರ ತಾನೇ ಕೂತು ಹಾಕಬೇಕೇ, ಹತ್ತನೇ ಇಯತ್ತೆ ಓದದವರು ಏನು ಮಾಡಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವಾಗಿಯೇ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಒಂದು ಆದೇಶ ಹೊರಡಿಸಿತು. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಪ್ರತಿಯೊಂದು ವೈಯಕ್ತಿಕ ಸಾಲಕ್ಕೂ ಬ್ಯಾಂಕುಗಳು, ಸಹಕಾರಿ ಬ್ಯಾಂಕುಗಳು ಮತ್ತು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಫೈನಾನ್ಸ್ ಕಂಪನಿಗಳು ಸಹಿಗೆ ಮೊದಲೇ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಪತ್ರ ಕೊಡಬೇಕು. ಬ್ಯಾಂಕಿನವರ ಬಾಯಲ್ಲಿ ಅದು ಕೆಎಫ್‌ಎಸ್. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕು, ಅದರಲ್ಲಿರುವುದನ್ನು ಓದಿ ತಿಳಿಸಿ ಹೇಳಬೇಕು, ತಿಳಿಸಿದ್ದಕ್ಕೆ ಸಹಿ ಪಡೆಯಬೇಕು. ಎಪಿಆರ್ ಅದರಲ್ಲಿ ಬರೆದಿರಬೇಕು, ಸಂಸ್ಥೆ ವಿಮೆಗೆಂದು ವಸೂಲು ಮಾಡುವ ಮೊತ್ತವೂ ಆ ಎಪಿಆರ್‌ನಲ್ಲಿ ಸೇರಿರಬೇಕು, ಯಾವ ತಿಂಗಳ ಕಂತಿನಲ್ಲಿ ಅಸಲಿಗೆಷ್ಟು ಬಡ್ಡಿಗೆಷ್ಟು ಎಂಬ ಪಟ್ಟಿಯೂ ಜೊತೆಗಿರಬೇಕು. ಆ ಪತ್ರದಲ್ಲಿ ಇಲ್ಲದ ಯಾವ ಶುಲ್ಕವನ್ನೂ ಆಮೇಲೆ ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಮಾತು: ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲವಾದರೆ ಆ ಪತ್ರದ ಷರತ್ತುಗಳು ಕನಿಷ್ಠ ಮೂರು ಕೆಲಸದ ದಿನ ಊರ್ಜಿತವಾಗಿರಬೇಕು. ‘ಇವತ್ತೇ ಸಹಿ ಮಾಡ್ರಿ, ನಾಳೆ ಈ ರೇಟು ಸಿಗಲ್ಲ’ ಎಂಬ ಅವಸರಕ್ಕೆ ಈ ನಿಯಮವೇ ಉತ್ತರ. ಪತ್ರ ಮನೆಗೆ ತನ್ನಿ. ಕಾಲೇಜಿಗೆ ಹೋಗುವ ಮಗಳ ಕೈಗೆ ಕೊಟ್ಟು ಓದಿಸಿ. ‘ಕನ್ನಡದಾಗ ಕೊಡ್ರಿ’ ಎಂದು ಕೇಳಲು ಸಂಕೋಚ ಬೇಡ, ಅದು ಹಕ್ಕು. ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಗಳ ಕೆಳಗೆ ಹದಿನೈದು ಕಡೆ ಸಹಿ ಹಾಕಿಸಿಕೊಂಡು ಕಳಿಸುವ ರೂಢಿಯನ್ನು ಸಾಲಗಾರರು ಸಹಿಸಿಕೊಂಡು ಬಂದದ್ದು ಸಾಕು.

ಒಂದು ಎಚ್ಚರ ಹೇಳಬೇಕು. ನಮ್ಮ ತಾಲ್ಲೂಕುಗಳಲ್ಲಿ ಸೌಹಾರ್ದ ಸಹಕಾರಿಗಳೂ ಪತ್ತಿನ ಸಹಕಾರಿ ಸಂಘಗಳೂ ಇವೆ. ಅನೇಕರಿಗೆ ತುರ್ತಿಗೆ ಒದಗುವುದು ಅವೇ. ಅವು ರಾಜ್ಯದ ಸಹಕಾರಿ ಕಾನೂನುಗಳ ಕೆಳಗೆ ನಡೆಯುತ್ತವೆ, ರಿಸರ್ವ್ ಬ್ಯಾಂಕಿನ ಕೆಎಫ್‌ಎಸ್ ನಿಯಮ ಅವುಗಳಿಗೆ ತಾಗುವುದಿಲ್ಲ. ಹಾಗೆಂದು ಪ್ರಶ್ನೆ ಕೇಳಬಾರದೆಂದೇನಿಲ್ಲ. ಕೈಗೆ ಬರುವುದೆಷ್ಟು, ಒಟ್ಟು ಕಟ್ಟುವುದೆಷ್ಟು, ತಪ್ಪಿದರೆ ದಂಡವೆಷ್ಟು ಎಂಬುದನ್ನು ಸಂಘದ ಮೊಹರಿನೊಂದಿಗೆ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಷೇರು ಹಣ, ಪಿಗ್ಮಿ ಖಾತೆ ಎಂದು ಮುರಿದುಕೊಳ್ಳುವ ಮೊತ್ತ ಮರಳಿ ಬರುವುದೇ, ಯಾವಾಗ ಬರುವುದು ಎಂಬುದನ್ನೂ ಅದೇ ಹಾಳೆಯಲ್ಲಿ ಸೇರಿಸಿ. ವಿಮೆಯ ವಿಷಯದಲ್ಲಿ ನನ್ನದು ಪೂರ್ತಿ ವಿರೋಧವಿಲ್ಲ. ದುಡಿಯುವ ಒಬ್ಬರೇ ಇರುವ ಮನೆಯಲ್ಲಿ ಆ ಒಬ್ಬರಿಗೆ ಏನಾದರೂ ಆದರೆ ಸಾಲ ವಿಮೆಯಿಂದ ತೀರುವುದು ಹೆಂಡತಿ ಮಕ್ಕಳಿಗೆ ದೊಡ್ಡ ಆಸರೆ. ಕೇಳದೆ ಜೋಡಿಸುವುದು, ಪಾಲಿಸಿ ಪತ್ರ ಕೈಗೆ ಕೊಡದಿರುವುದು, ಯಾರ ಹೆಸರಿಗೆ ಎಷ್ಟು ವರ್ಷಕ್ಕೆ ಎಂದು ಹೇಳದಿರುವುದು ತಪ್ಪು.

ಇನ್ನು ಮೂರನೆಯ ಪ್ರಶ್ನೆ. ನನ್ನ ಮಟ್ಟಿಗೆ ಈ ಸೀಮೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಪರ್ಸನಲ್ ಲೋನ್ ಎಂಬ ಸಾಲವನ್ನು ಕಟ್ಟಿರುವುದೇ ತಿಂಗಳ ಸಂಬಳದ ಮೇಲೆ. ಹಟ್ಟಿ ಚಿನ್ನದ ಗಣಿಯ ಕಾಯಂ ಕಾರ್ಮಿಕರಿಗೆ, ಸರ್ಕಾರಿ ಶಾಲೆಯ ಶಿಕ್ಷಕರಿಗೆ, ಆಸ್ಪತ್ರೆ, ತಹಶೀಲ್ದಾರ್ ಕಚೇರಿಯ ನೌಕರರಿಗೆ ಅದು ಹೊಂದುತ್ತದೆ: ತಿಂಗಳ ಮೊದಲಿಗೆ ಸಂಬಳ, ಐದನೇ ತಾರೀಖಿಗೆ ಕಂತು. ಉಳಿದವರ ಆದಾಯ ಹಾಗೆ ಬರುವುದಿಲ್ಲ. ಸಿಂಧನೂರಿನಲ್ಲಿ ರೊಕ್ಕ ಬರುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹಿಂದೆ. ಮುಂಗಾರಿನ ಭತ್ತ ನವೆಂಬರ್, ಡಿಸೆಂಬರ್‌ನಲ್ಲಿ ಕೈಗೆ ಬರುತ್ತದೆ, ನೀರು ಬಿಟ್ಟರೆ ಬೇಸಿಗೆಯಲ್ಲಿ ಇನ್ನೊಂದು ಬೆಳೆ. ಲಿಂಗಸುಗೂರಿನಲ್ಲಿ ನಾರಾಯಣಪುರ ಬಲದಂಡೆ ಕಾಲುವೆ ತಲುಪಿದ ಹೊಲಗಳ ಲೆಕ್ಕ ಒಂದು, ಮಸ್ಕಿಯ ಕಡೆ ಮಳೆಯನ್ನೇ ನಂಬಿದ ಹತ್ತಿ, ತೊಗರಿ, ಸಜ್ಜೆಯ ಹೊಲಗಳ ಲೆಕ್ಕ ಇನ್ನೊಂದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಐದು ತಿಂಗಳು ಬೀಜ, ಗೊಬ್ಬರ, ಎಣ್ಣೆ, ಆಳು, ಮಕ್ಕಳ ಶಾಲೆಯ ಫೀ ಎಂದು ಹಣ ಹೋಗುವ ಕಾಲ. ಬರುವ ಕಾಲವಲ್ಲ. ಆ ಐದು ತಿಂಗಳಿಗೆ 7,031ರಂತೆ 35 ಸಾವಿರ ರೂಪಾಯಿ ಕಂತು ಎಲ್ಲಿಂದ ಬರಬೇಕು? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸುವವರೆಗೆ ಎಡದಂಡೆಯ ಊರುಗಳು ಉಸಿರು ಬಿಗಿಹಿಡಿದು ಕೂತದ್ದು ಬರೀ ಭತ್ತಕ್ಕಾಗಿ ಆಗಿರಲಿಲ್ಲ. ಆ ಭತ್ತದ ಮೇಲೆ ಆಗಲೇ ಮಾಡಿಕೊಂಡಿದ್ದ ಸಾಲಗಳೂ ಆ ನೀರಿನಲ್ಲಿದ್ದವು. ಎರಡನೇ ಬೆಳೆಗೆ ನೀರು ಸಿಗದ ವರ್ಷಗಳು ಈ ಭಾಗಕ್ಕೆ ಹೊಸದಲ್ಲ. ನೀರು ನಿಂತ ವರ್ಷ ಕಂತು ಮಾತ್ರ ನಿಲ್ಲುವುದಿಲ್ಲ.

ರೈತರಷ್ಟೇ ಅಲ್ಲ. ಸುಗ್ಗಿಯಲ್ಲಿ ಉದ್ರಿ ವಸೂಲಾಗುವ ಕಿರಾಣಿ ಅಂಗಡಿಯವರಿಗೆ, ಗೌರವಧನ ತಡವಾಗುವ ಅತಿಥಿ ಶಿಕ್ಷಕರಿಗೆ, ಹೊರಗುತ್ತಿಗೆ ನೌಕರರಿಗೆ, ಗುಳೆ ಹೋಗಿ ಬೆಂಗಳೂರಿನ ಕಟ್ಟಡ ಕೆಲಸದಿಂದ ಹಣ ಕಳಿಸುವವರ ಮನೆಗಳಿಗೆ ಇದೇ ತೊಡಕು. ಕಂತಿನ ದಿನ ಖಾತೆಯಲ್ಲಿ ಮುನ್ನೂರು ರೂಪಾಯಿ ಕಡಿಮೆ ಇದ್ದರೂ ಇಡೀ ಕಂತು ವಾಪಸಾಗುತ್ತದೆ. ಸಾಲ ಕೊಟ್ಟವರು ಒಂದು ಬೌನ್ಸ್ ಶುಲ್ಕ ಹಾಕುತ್ತಾರೆ, ನಿಮ್ಮ ಖಾತೆ ಇರುವ ಬ್ಯಾಂಕು ಇನ್ನೊಂದು ಹಾಕುತ್ತದೆ, ತಡವಾದದ್ದಕ್ಕೆ ದಂಡ ಬೇರೆ, ಸಿಬಿಲ್ ವರದಿಯಲ್ಲಿ ಕಲೆ ಬೇರೆ. 2024ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕ್ ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕುವುದನ್ನೂ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಬೆಳೆಸುವುದನ್ನೂ ನಿಲ್ಲಿಸಿದೆ. ಅದು ದೊಡ್ಡ ನಿರಾಳ. ಆದರೂ ದಂಡ ದಂಡವೇ. ಹಾಗಾದರೆ ತಿಂಗಳ ಸಂಬಳ ಇಲ್ಲದವರು ಈ ಸಾಲ ಮುಟ್ಟಲೇಬಾರದೇ? ಹಾಗೆನ್ನುವುದಿಲ್ಲ. ಬೆಳೆ ಮಾರಿದ ದಿನವೇ ಮುಂದಿನ ಐದಾರು ತಿಂಗಳ ಕಂತನ್ನು ಕಂತು ಕಡಿಯುವ ಖಾತೆಗೇ ಹಾಕಿ ಅದನ್ನು ಮುಟ್ಟದೆ ಇರಬಲ್ಲವರು ತೆಗೆದುಕೊಳ್ಳಬಹುದು. ಅಷ್ಟು ತೆಗೆದಿಡಲು ಆಗುವುದಿಲ್ಲವೆನ್ನಿಸಿದರೆ ಈ ಸಾಲ ತಮ್ಮ ಆದಾಯದ ಅಳತೆಗೆ ಹೊಲಿದದ್ದಲ್ಲ ಎಂದು ತಿಳಿಯಬೇಕು. ಸಣ್ಣ ಸಾಲದ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಒಂದು ಮಿತಿ ಹಾಕಿದೆ: ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಯಾವ ಸಾಲಕ್ಕೂ ಈ ಅರ್ಧದ ಗೆರೆಯನ್ನು ನಾವೇ ಹಾಕಿಕೊಳ್ಳುವುದು ಒಳ್ಳೆಯದು. ಸಂಘದ ವಾರದ ಕಂತು, ಬೈಕಿನ ಕಂತು, ಮೊಬೈಲಿನ ಕಂತು ಎಲ್ಲವನ್ನೂ ಅದರೊಳಗೆ ಸೇರಿಸಿಯೇ.

‘ಹಾಗಾದರೆ ಅಡತಿ ಅಂಗಡಿಯವರ ಹತ್ತಿರವೋ ಊರ ಸಾವುಕಾರರ ಹತ್ತಿರವೋ ಎರಡು ರೂಪಾಯಿ ಬಡ್ಡಿಗೆ ತರುವುದೇ ಮೇಲಲ್ಲವೇ, ಸುಗ್ಗಿಗೆ ಕೊಟ್ಟು ಮುಗಿಸಬಹುದು’ ಎಂಬ ಮಾತು ಈ ಭಾಗದಲ್ಲಿ ಬಂದೇ ಬರುತ್ತದೆ. ಈ ಮಾತನ್ನು ತಳ್ಳಿಹಾಕುವ ಮೊದಲು ಲೆಕ್ಕ ಹಾಕಿ ನೋಡಬೇಕು. ಆರು ತಿಂಗಳಿಗೆ 2 ಲಕ್ಷ ಬೇಕು ಎಂದುಕೊಳ್ಳಿ. ಎರಡು ರೂಪಾಯಿ ಬಡ್ಡಿಗೆ 24 ಸಾವಿರ ಆಗುತ್ತದೆ. ಮೇಲೆ ಹೇಳಿದ ಪರ್ಸನಲ್ ಲೋನನ್ನು ತೆಗೆದು ಆರು ಕಂತು ಕಟ್ಟಿ, ಉಳಿದದ್ದನ್ನು ಒಮ್ಮೆಗೇ ತೀರಿಸಿದರೆ? ಮೊದಲೇ ಮುರಿದ 10,720, ಆರು ತಿಂಗಳ ಬಡ್ಡಿ 15,111, ಅವಧಿಗೆ ಮೊದಲೇ ಮುಗಿಸಿದ್ದಕ್ಕೆ ಶೇ 4ರಂತೆ ಶುಲ್ಕ ಇದ್ದರೆ ಜಿಎಸ್‌ಟಿ ಸೇರಿ 8,162. ಒಟ್ಟು 34 ಸಾವಿರ. ಅಂಕಿಯ ಮಟ್ಟಿಗೆ ಸಾವುಕಾರರದೇ ಅಗ್ಗ. ಇದನ್ನು ಮುಚ್ಚಿಟ್ಟು ‘ಬ್ಯಾಂಕಿಗೇ ಹೋಗಿ’ ಎಂದು ಉಪದೇಶ ಮಾಡುವುದು ಪ್ರಾಮಾಣಿಕತೆಯಲ್ಲ. ಬೇಗ ತೀರಿಸುವ ಸಾಲಕ್ಕೆ ಪರ್ಸನಲ್ ಲೋನ್ ತಕ್ಕದ್ದಲ್ಲ, ಅಷ್ಟೇ. ಆದರೆ ಬೆಳೆ ಕೈಕೊಟ್ಟರೆ ಆ ಕೈಗಡ ಮೂರು ವರ್ಷ ಎಳೆಯುತ್ತದೆ, ಬಡ್ಡಿಯೇ 1,44,000 ಆಗುತ್ತದೆ, ಅಸಲು ಹಾಗೇ ಇರುತ್ತದೆ. ಬಾಕಿ ಬಡ್ಡಿ ಅಸಲಿಗೆ ಸೇರಿ ಚಕ್ರಬಡ್ಡಿಯಾದರೆ ಇನ್ನೂ ಮೇಲೆ. ಕಟ್ಟಿದ್ದಕ್ಕೆ ರಸೀದಿ ಇರುವುದಿಲ್ಲ. ಭತ್ತವನ್ನು ಅವರ ಅಂಗಡಿಗೇ ಹಾಕಬೇಕು, ದರ ಕೇಳುವ ಬಾಯಿ ಇರುವುದಿಲ್ಲ. ಪರವಾನಗಿ ಇರುವ ಲೇವಾದೇವಿಯವರೂ ಭದ್ರತೆ ಇಲ್ಲದ ಸಾಲಕ್ಕೆ ಕರ್ನಾಟಕದಲ್ಲಿ ವರ್ಷಕ್ಕೆ ಶೇ 16ರ ಮೇಲೆ ಬಡ್ಡಿ ಪಡೆಯುವಂತಿಲ್ಲ. ಎರಡು ರೂಪಾಯಿ ಬಡ್ಡಿ ಅದನ್ನು ಆಗಲೇ ದಾಟಿದೆ.

ಆರು ತಿಂಗಳ ಗರಜಿಗೆ ಈ ಎರಡೂ ಬಾಗಿಲಿಗಿಂತ ಮೊದಲು ತಟ್ಟಬೇಕಾದವು ಬೇರೆ ಇವೆ. ಸಹಕಾರ ಸಂಘದ ಬೆಳೆಸಾಲವನ್ನು ಸುಗ್ಗಿಯ ನಂತರವೇ ಕಟ್ಟುವುದು. 2023ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ನಿಮ್ಮ ಸಂಘದಲ್ಲಿ ನಿಮ್ಮ ಪಾಲಿಗೆ ಎಷ್ಟು ಸಿಗುತ್ತದೆ ಎಂಬುದು ಜಮೀನು, ಬೆಳೆ, ಸಂಘದ ಶಕ್ತಿಯ ಮೇಲೆ ನಿಂತಿದೆ. ಆದರೂ ಮೊದಲು ವಿಚಾರಿಸಬೇಕಾದದ್ದು ಅಲ್ಲಿಯೇ. ಬಂಗಾರದ ಸಾಲದಲ್ಲಿ ವರ್ಷದೊಳಗೆ ಒಮ್ಮೆಗೇ ಅಸಲು ಬಡ್ಡಿ ಕಟ್ಟಿ ಬಿಡಿಸಿಕೊಳ್ಳುವ ಸೌಲಭ್ಯವಿರುವುದರಿಂದ ಅದು ಸುಗ್ಗಿಯ ಲೆಕ್ಕಕ್ಕೆ ಹೊಂದುತ್ತದೆ. ತವರಿಂದ ತಂದ ಒಡವೆಯನ್ನು ಹೆಣ್ಣುಮಕ್ಕಳಿಂದ ಬಿಚ್ಚಿಸುವುದು ಮನಸ್ಸಿಗೆ ಕಷ್ಟದ ಕೆಲಸ, ಅವರ ಒಪ್ಪಿಗೆ ಇಲ್ಲದೆ ಮಾಡಲೇಬಾರದ ಕೆಲಸ. ಲೆಕ್ಕದ ಮಟ್ಟಿಗೆ ಮಾತ್ರ, ಬ್ಯಾಂಕಿನ ಬಂಗಾರದ ಸಾಲಕ್ಕೆ ಸಾಮಾನ್ಯವಾಗಿ ಪರ್ಸನಲ್ ಲೋನಿಗಿಂತ ಬಡ್ಡಿ ಕಡಿಮೆ.

‘ಮಗಳನ್ನು ರಾಯಚೂರಿನ ಆಸ್ಪತ್ರೆಗೆ ಸೇರಿಸಿದ ದಿನ ಯಾರು ಎಪಿಆರ್ ನೋಡುತ್ತಾರೆ’ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ನಿಜ, ಆ ದಿನ ಯಾರೂ ನೋಡಲಾರರು. ಅದಕ್ಕೇ ಈ ವಿಚಾರಣೆ ಆ ದಿನಕ್ಕೆ ಬಿಡುವಂಥದ್ದಲ್ಲ. ಸಿಬಿಲ್ ಸೇರಿದಂತೆ ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಗರಜು ಇಲ್ಲದ ತಿಂಗಳಲ್ಲಿ ಅದನ್ನು ತೆಗೆದು ನೋಡಿ. ತೀರಿಸಿದ ಹಳೆಯ ಟ್ರ್ಯಾಕ್ಟರ್ ಸಾಲವೋ ಸಂಘದ ಸಾಲವೋ ಇನ್ನೂ ಬಾಕಿ ಎಂದೇ ತೋರಿಸುತ್ತಿದ್ದರೆ ಆಗಲೇ ತಕರಾರು ಹಾಕಿ. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಸಂಬಳದ ಖಾತೆ ಇರುವ ಬ್ಯಾಂಕಿನಲ್ಲಿ ತನಗೆ ಎಷ್ಟು ಸಾಲ, ಯಾವ ದರಕ್ಕೆ ಸಿಗುತ್ತದೆ ಎಂದು ಮೊದಲೇ ಕೇಳಿ ಇಟ್ಟುಕೊಳ್ಳಿ. ಗಾಬರಿಯಲ್ಲಿ ಒಂದೇ ವಾರ ಐದು ಕಡೆ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಯೂ ವರದಿಯಲ್ಲಿ ದಾಖಲಾಗಿ ಅಂಕವನ್ನು ಕೆಳಗೆ ಎಳೆಯುತ್ತದೆ. ಆಸ್ಪತ್ರೆಯ ವರಾಂಡದಲ್ಲಿ ನಿಂತವರನ್ನೇ ಹಿಡಿಯುವುದು ಮೊಬೈಲಿನ ಸಾಲದ ಆ್ಯಪ್‌ಗಳು. ರಿಸರ್ವ್ ಬ್ಯಾಂಕಿನ ನಿಯಮದಂತೆ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಫೋಟೊ, ಕರೆಗಳ ವಿವರ ನೋಡುವಂತಿಲ್ಲ. ಹಣ ಬರಬೇಕಾದದ್ದು ನೋಂದಾಯಿತ ಸಂಸ್ಥೆಯಿಂದ ನೇರವಾಗಿ ನಿಮ್ಮ ಖಾತೆಗೆ, ನೀವು ಕಟ್ಟಬೇಕಾದದ್ದೂ ಆ ಸಂಸ್ಥೆಯ ಖಾತೆಗೇ. ಕಾಂಟ್ಯಾಕ್ಟ್ ನೋಡಲು ಅನುಮತಿ ಕೇಳಿದ ಕ್ಷಣವೇ ಆ ಆ್ಯಪನ್ನು ಅಳಿಸಿ. ಆಗಲೇ ಸಿಕ್ಕಿಬಿದ್ದು, ನಿಮ್ಮ ಫೋಟೊ ತಿರುಚಿ ಬಂಧುಗಳಿಗೆ ಕಳಿಸುತ್ತೇವೆಂದು ಬೆದರಿಸುತ್ತಿದ್ದರೆ ಮಾನಕ್ಕೆ ಅಂಜಿ ಇನ್ನಷ್ಟು ಕಟ್ಟಬೇಡಿ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಮನೆಯವರಿಗೂ ಹೇಳಿ. ತಪ್ಪು ಮಾಡುತ್ತಿರುವವರು ಬೆದರಿಸುವವರು.

ಕಂತು ತಪ್ಪಿದ ಮೇಲಿನ ಮಾತು ಬಂದಾಗ ‘ಸರ್ಕಾರ ಕಾನೂನು ಮಾಡಿದೆ, ಕಟ್ಟಬೇಕಾಗಿಲ್ಲ’ ಎನ್ನುವವರೂ ಇದ್ದಾರೆ. ಈ ನಂಬಿಕೆ ಅಪಾಯದ್ದು. 2025ರ ಜನವರಿಯಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ಮೈಕ್ರೋ ಫೈನಾನ್ಸ್ ಕಿರುಕುಳದ ಸುದ್ದಿ ಬಂದು, ಜನ ಮನೆಗೆ ಬೀಗ ಹಾಕಿ ಊರು ಬಿಡುವಂತಾದಾಗ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ಹಿಂತಿರುಗಿಸಿ, ಆಮೇಲೆ ಫೆಬ್ರವರಿ 12ರಂದು ಅಂಕಿತ ಹಾಕಿದರು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂಬುದು ಅದರ ತಿರುಳು. ನೋಂದಣಿ, ಪರವಾನಗಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದಂತೆ ಎಂಬ ಮಾತೂ ಅದರಲ್ಲಿದೆ. ಆದರೆ ರಿಸರ್ವ್ ಬ್ಯಾಂಕಿನ ನೋಂದಣಿ ಇರುವವರ ಸಾಲವನ್ನು ಅದು ಮನ್ನಾ ಮಾಡಿಲ್ಲ. 2018ರ ಸಾಲಮನ್ನಾ ಕೂಡ ಬೆಳೆಸಾಲಕ್ಕೆ ಸೇರಿದ್ದು, ಪರ್ಸನಲ್ ಲೋನಿಗಲ್ಲ. ಸಾಲ ಕಟ್ಟಲೇಬೇಕು. ಆದರೆ ಕಟ್ಟಲಾಗದಿರುವುದು ಜೈಲಿಗೆ ಹೋಗುವ ಅಪರಾಧವೂ ಅಲ್ಲ. ಅದು ಸಿವಿಲ್ ವ್ಯಾಜ್ಯ. ಅಪರಾಧದ ರೂಪ ಬರುವುದು ಕೊಟ್ಟ ಚೆಕ್ಕೋ ಖಾತೆಯಿಂದ ಕಡಿಯಲು ಕೊಟ್ಟ ಒಪ್ಪಿಗೆಯೋ ಬೌನ್ಸ್ ಆದಾಗ. ಅದಕ್ಕೇ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡಬಾರದು. ಗೆಳೆಯರ ಸಾಲಕ್ಕೆ ಜಾಮೀನು ಹಾಕುವ ಮೊದಲೂ ನೆನಪಿಡಿ: ಕಾನೂನಿನಲ್ಲಿ ಜಾಮೀನುದಾರರ ಹೊಣೆ ಸಾಲಗಾರರಷ್ಟೇ. ಗಣಿಯಲ್ಲೋ ಶಾಲೆಯಲ್ಲೋ ಜೊತೆಗೆ ಕೆಲಸ ಮಾಡುವವರು ಎಂಬ ದಾಕ್ಷಿಣ್ಯಕ್ಕೆ ಹಾಕಿದ ಸಹಿಯಿಂದ ನಿಮ್ಮದೇ ಸಂಬಳಕ್ಕೆ ಕುತ್ತು ಬರಬಹುದು.

ಎರಡು ಕಂತು ತಪ್ಪುವ ಸೂಚನೆ ಕಂಡಾಗಲೇ ಶಾಖೆಗೆ ಹೋಗಿ ಬರೆದು ಕೊಡಿ: ಬೆಳೆ ಯಾವಾಗ ಬರುತ್ತದೆ, ಎಷ್ಟು ಕಟ್ಟಬಲ್ಲೆ, ಅವಧಿ ಹೊಂದಿಸಿ ಕೊಡಿ ಎಂದು. ಅರ್ಜಿಯ ನಕಲಿಗೆ ಮೊಹರು ಹಾಕಿಸಿಕೊಳ್ಳಿ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆಗುತ್ತದೆ, ಆಮೇಲೆ ಮಾತುಕತೆ ಬಿಗಿಯಾಗುತ್ತದೆ. ವಸೂಲಿಯವರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಮೈಕ್ರೋ ಫೈನಾನ್ಸ್ ಸಾಲಕ್ಕೆ ಆ ಗೆರೆ 9ರಿಂದ 6. ಬೈಯುವುದು, ನೆಂಟರ ಮುಂದೆ ಅವಮಾನ ಮಾಡುವುದು ನಿಷಿದ್ಧ. ಹಾಗೆ ನಡೆದರೆ ತಾರೀಖು, ಹೊತ್ತು, ಹೆಸರು ಬರೆದಿಟ್ಟು ಮೊದಲು ಸಂಸ್ಥೆಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ, ಮಾಹಿತಿಗೆ 14448. ಬೆದರಿಕೆ, ಹಲ್ಲೆಯಾದರೆ ಕಾಯಬೇಡಿ, ನೇರ ಪೊಲೀಸ್ ಠಾಣೆ.

ಕೊನೆಯ ಕಂತು ಕಟ್ಟಿದ ದಿನಕ್ಕೂ ಒಂದಿಷ್ಟು ಕೆಲಸ ಉಳಿದಿರುತ್ತದೆ, ಬಹಳ ಜನ ಬಿಟ್ಟುಬಿಡುವುದು ಅದನ್ನೇ. ಶಾಖೆಯಿಂದ ಬಾಕಿ ಇಲ್ಲವೆಂಬ ಪ್ರಮಾಣಪತ್ರ, ಅಂದರೆ ಎನ್‌ಒಸಿ ಪಡೆಯಿರಿ. ಕೊಟ್ಟಿದ್ದ ಚೆಕ್ಕುಗಳನ್ನು ಎಣಿಸಿ ವಾಪಸ್ ತನ್ನಿ. ಕಂತು ಕಡಿಯಲು ಕೊಟ್ಟಿದ್ದ ಒಪ್ಪಿಗೆಯನ್ನು ನಿಮ್ಮ ಖಾತೆಯಿರುವ ಬ್ಯಾಂಕಿನಲ್ಲಿ ರದ್ದು ಮಾಡಿಸಿ, ಮುಂದಿನ ಐದನೇ ತಾರೀಖಿಗೆ ಪಾಸ್‌ಬುಕ್ ಎಂಟ್ರಿ ಮಾಡಿಸಿ ಏನೂ ಕಡಿದಿಲ್ಲವೆಂದು ನೋಡಿ. ಎರಡು ತಿಂಗಳು ಬಿಟ್ಟು ಉಚಿತ ಸಿಬಿಲ್ ವರದಿ ತೆಗೆದು ಆ ಸಾಲದ ಮುಂದೆ ‘ಕ್ಲೋಸ್ಡ್’ ಎಂದು ಬಂದಿದೆಯೇ ನೋಡಿ. ‘ಸೆಟಲ್ಡ್’ ಎಂದಿದ್ದರೆ ಪೂರ್ತಿ ಕಟ್ಟಿಲ್ಲ, ರಾಜಿಯಾಗಿದೆ ಎಂದರ್ಥ. ಪೂರ್ತಿ ಕಟ್ಟಿಯೂ ಹಾಗೆ ಬಂದಿದ್ದರೆ ಎನ್‌ಒಸಿ ಹಿಡಿದು ಅದೇ ವಾರ ಶಾಖೆಗೆ ಹೋಗಿ.